ನಡಿಗೆಯೂ ಔಷಧವೇ: ಹೃದ್ರೋಗ ಚಿಕಿತ್ಸೆಯಲ್ಲಿ ದೇಹಶ್ರಮದ ಸ್ಥಾನ

ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ಮಕರ ಸಂಕ್ರಾಂತಿಯ ಜಾತ್ರೆಗೆ ಹೋದವರೆಲ್ಲರೂ ಬಲ್ಲ ದೃಶ್ಯವೊಂದಿದೆ. ಮಕ್ಕಳು ಮೆಟ್ಟಿಲುಗಳನ್ನು ಓಡುತ್ತಾ ಏರುತ್ತಾರೆ. ಎಪ್ಪತ್ತು ದಾಟಿದ ಹಳ್ಳಿಯ ಅಜ್ಜಿಯರು ನಿಧಾನವಾಗಿ, ಆದರೆ ನಿಲ್ಲದೆ ಏರುತ್ತಾರೆ. ನಲವತ್ತು ಐವತ್ತರ ನಡುವಿನವರು ಹತ್ತು ಮೆಟ್ಟಿಲಿಗೊಮ್ಮೆ ಬಂಡೆಗೆ ಒರಗಿ ಏದುಸಿರು ಬಿಡುತ್ತಾರೆ. ಅಂಥದೇ ಒಂದು ಜಾತ್ರೆಯಲ್ಲಿ ನಮಗೆ ಪರಿಚಿತರಾದ ದೊಡ್ಡಬಳ್ಳಾಪುರದ ನೇಕಾರ ಬಂಧುವೊಬ್ಬರು ಬೆಟ್ಟದ ಬುಡದಲ್ಲಿಯೇ ಕುಳಿತಿದ್ದರು. ವಯಸ್ಸು ಐವತ್ತೆರಡು. ಆರು ತಿಂಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಅಳವಡಿಸಲಾಗಿತ್ತು. "ಸ್ಟೆಂಟ್ ಹಾಕಿರೋ ಎದೆ ಅಣ್ಣ, ನೀವಿಲ್ಲೇ ಕೂತಿರಿ" ಎಂದು ತಮ್ಮಂದಿರು ಹೇಳಿ ಮೇಲೆ ಹೋಗಿದ್ದರು. ಅವರು ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: "ನಾನು ಇನ್ನು ಮೇಲೆ ಎಂದೂ ಹತ್ತಬಾರದೇ?"

ವಿಚಾರಿಸಿದಾಗ ತಿಳಿದದ್ದು ಇಷ್ಟು. ಬೆಟ್ಟ ಹತ್ತುವುದಿರಲಿ, ಆರು ತಿಂಗಳಿಂದ ಅವರು ಮನೆಯ ಬೀದಿಯನ್ನೂ ದಾಟಿರಲಿಲ್ಲ. ಮಗ್ಗದ ಮನೆಗೆ ಹೋಗಲು ಮಗ ಬೈಕಿನಲ್ಲಿ ಕರೆದೊಯ್ಯುತ್ತಿದ್ದ. ಕುಡಿಯುವ ನೀರಿನ ಲೋಟವನ್ನೂ ಮಡದಿಯೇ ಕೈಗೆ ಕೊಡುತ್ತಿದ್ದರು. ಆಸ್ಪತ್ರೆಯಿಂದ ಬರುವಾಗ ಕೊಟ್ಟ ಚೀಟಿಯಲ್ಲಿ ಆರು ಬಗೆಯ ಮಾತ್ರೆಗಳ ಹೆಸರು, ಪ್ರಮಾಣ, ವೇಳೆ ಎಲ್ಲವೂ ಸ್ಪಷ್ಟವಾಗಿದ್ದವು. ಕೊನೆಯ ಸಾಲಿನಲ್ಲಿ ಮಾತ್ರ 'ವ್ಯಾಯಾಮ ಮಾಡುವುದು' ಎಂದಷ್ಟೇ ಇತ್ತು. ಯಾವ ವ್ಯಾಯಾಮ, ಎಷ್ಟು ಹೊತ್ತು, ಯಾವಾಗಿನಿಂದ ಎಂಬುದನ್ನು ಬರೆದವರೂ ಹೇಳಿರಲಿಲ್ಲ, ಪಡೆದವರೂ ಕೇಳಿರಲಿಲ್ಲ. ಈ ಲೇಖನ ಹುಟ್ಟಿದ್ದು ಆ ಕೊನೆಯ ಸಾಲಿನಿಂದ.

ಬದಲಾದ ಬದುಕು, ಬದಲಾಗದ ತಟ್ಟೆ

ಒಂದು ತಲೆಮಾರಿನ ಹಿಂದೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ವ್ಯಾಯಾಮ ಎಂಬ ಮಾತಿನ ಅಗತ್ಯವೇ ಇರಲಿಲ್ಲ. ರಾಗಿ ಬಿತ್ತನೆಯಿಂದ ಕಣದ ಕೆಲಸದವರೆಗೆ ಎಲ್ಲವೂ ಮೈಮುರಿದು ದುಡಿಯುವ ಕೆಲಸ. ನೀರು ಸೇದುವುದು, ರಾಗಿ ಬೀಸುವುದು, ಸೌದೆ ಹೊರುವುದು ಹೆಂಗಸರ ದಿನಚರಿ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ರಾಸುಗಳನ್ನು ನಡೆಸಿಕೊಂಡೇ ಹೋಗುತ್ತಿದ್ದ ರೈತರನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ.

ಇಂದು ಉಳುಮೆಗೆ ಟ್ರ್ಯಾಕ್ಟರ್, ನೀರಿಗೆ ಮೋಟಾರು, ಹಾಲಿನ ಡೇರಿಗೆ ಹೋಗಲು ಸ್ಕೂಟರ್. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಆ ಭಾಗದ ಹೊಲಗಳು ಬಡಾವಣೆಗಳಾದವು. ನೇಗಿಲು ಹಿಡಿದ ಕೈಗಳ ಮಕ್ಕಳು ಟ್ಯಾಕ್ಸಿಯ ಚಕ್ರ ಹಿಡಿದರು. ನೆಲಮಂಗಲದ ಹೆದ್ದಾರಿಯುದ್ದಕ್ಕೂ ಗೋದಾಮುಗಳು, ಹೊಸಕೋಟೆಯ ಸುತ್ತ ಕಾರ್ಖಾನೆಗಳು ಎದ್ದವು. ಈ ಬದಲಾವಣೆ ಹಲವರಿಗೆ ಅನ್ನ ಕೊಟ್ಟಿದೆ. ಅದನ್ನು ನಾವು ಹಳಿಯುವುದಿಲ್ಲ. ಆದರೆ ದೇಹದ ದುಡಿಮೆ ಅರ್ಧಕ್ಕಿಳಿದರೂ ತಟ್ಟೆಯ ಮುದ್ದೆಯ ಗಾತ್ರ ಇಳಿಯಲಿಲ್ಲ. ಅದರ ಜೊತೆಗೆ ಬೇಕರಿ ತಿಂಡಿ, ಕರಿದ ಪದಾರ್ಥ, ಸಕ್ಕರೆಯ ಚಹಾ ಸೇರಿಕೊಂಡವು.

ಇದು ನಮ್ಮ ಜಿಲ್ಲೆಯೊಂದರ ಮಾತಲ್ಲ. 2024ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆ ಪ್ರಕಟಿಸಿದ ಅಧ್ಯಯನದ ಪ್ರಕಾರ 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಅಗತ್ಯವಿರುವಷ್ಟು ದೇಹಶ್ರಮ ಮಾಡುತ್ತಿರಲಿಲ್ಲ. ಗಂಡಸರಲ್ಲಿ ಈ ಪ್ರಮಾಣ ಶೇಕಡ 42 ಇದ್ದರೆ, ಹೆಂಗಸರಲ್ಲಿ ಶೇಕಡ 57. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವು ಇತರ ದೇಶಗಳವರಿಗಿಂತ ಐದಾರು ವರ್ಷ ಮೊದಲೇ ಎರಗುತ್ತದೆ ಎಂಬುದು 2004ರ 'ಇಂಟರ್‌ಹಾರ್ಟ್' ಎಂಬ ಜಾಗತಿಕ ಅಧ್ಯಯನದಿಂದ ಹೊರಬಿದ್ದ ಸಂಗತಿ. ಮನೆಗೆ ದುಡಿಯುವ ವಯಸ್ಸಿನಲ್ಲಿಯೇ ಮನೆಯ ಯಜಮಾನ ಕುಸಿಯುವುದೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಸ್ಸು ಕಲಿಸಿದ ಪಾಠ

ದೇಹಶ್ರಮಕ್ಕೂ ಹೃದಯಕ್ಕೂ ಇರುವ ನಂಟನ್ನು ವಿಜ್ಞಾನ ಮೊದಲು ಖಚಿತವಾಗಿ ಕಂಡದ್ದು ಲಂಡನ್ನಿನ ಬಸ್ಸುಗಳಲ್ಲಿ. ಜೆರ್ರಿ ಮಾರಿಸ್ ಎಂಬ ವೈದ್ಯರು ಅಲ್ಲಿನ ಎರಡಂತಸ್ತಿನ ಬಸ್ಸುಗಳ ಚಾಲಕರು ಮತ್ತು ನಿರ್ವಾಹಕರ ಆರೋಗ್ಯವನ್ನು ಹೋಲಿಸಿ 1953ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಚಾಲಕರು ದಿನವಿಡೀ ಕುಳಿತಿರುತ್ತಿದ್ದರು. ನಿರ್ವಾಹಕರು ಟಿಕೆಟ್ ಕೊಡಲು ಮೇಲಂತಸ್ತಿಗೆ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುತ್ತಿದ್ದರು. ನಿರ್ವಾಹಕರಲ್ಲಿ ಹೃದ್ರೋಗ ಚಾಲಕರಿಗಿಂತ ಸ್ಪಷ್ಟವಾಗಿ ಕಡಿಮೆಯಿತ್ತು. ಬಂದರೂ ಅಷ್ಟು ಮಾರಕವಾಗಿರಲಿಲ್ಲ. ಅಂದಿನಿಂದ ಇಂದಿನವರೆಗೆ ನಡೆದ ಅಧ್ಯಯನಗಳು ಈ ಪಾಠವನ್ನು ಗಟ್ಟಿಗೊಳಿಸುತ್ತಲೇ ಬಂದಿವೆ.

ದೇಹಶ್ರಮದಿಂದ ಒಳಗೆ ಆಗುವುದೇನು? ಹೃದಯವೂ ಒಂದು ಸ್ನಾಯು. ಕ್ರಮವಾದ ನಡಿಗೆಯಿಂದ ಅದು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ಚಿಮ್ಮಿಸಲು ಕಲಿಯುತ್ತದೆ. ಹೀಗಾಗಿ ವಿಶ್ರಾಂತಿಯಲ್ಲಿರುವಾಗ ಕಡಿಮೆ ಬಡಿತದಲ್ಲಿಯೇ ಕೆಲಸ ಸಾಗುತ್ತದೆ. ರಕ್ತನಾಳಗಳ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ಹೆಚ್ಚಾಗಿ ಸ್ರವಿಸಿ ನಾಳಗಳನ್ನು ಸಡಿಲಗೊಳಿಸುತ್ತದೆ. ಅಧಿಕ ರಕ್ತದೊತ್ತಡವಿರುವವರಲ್ಲಿ ಕ್ರಮಬದ್ಧ ನಡಿಗೆ ಮೇಲಿನ ಅಂಕಿಯನ್ನು 5ರಿಂದ 8ರಷ್ಟು ಇಳಿಸಬಲ್ಲದು. ದುಡಿಯುವ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಹೀರಿಕೊಳ್ಳುವುದರಿಂದ ಮಧುಮೇಹ ಹತೋಟಿಗೆ ಬರುತ್ತದೆ. ನಿದ್ರೆ ಸುಧಾರಿಸುತ್ತದೆ, ಮನಸ್ಸಿನ ಕಳವಳ ತಗ್ಗುತ್ತದೆ. ಇಷ್ಟನ್ನೂ ಒಟ್ಟಿಗೆ ಮಾಡುವ ಮಾತ್ರೆಯೊಂದು ಇದ್ದಿದ್ದರೆ ನಾವೆಲ್ಲರೂ ಸಾಲಿನಲ್ಲಿ ನಿಂತು ಕೊಳ್ಳುತ್ತಿದ್ದೆವು.

"ದಿನವಿಡೀ ದುಡಿಯುವ ನಮಗೇಕೆ ನಡಿಗೆ?"

ಇದು ಹಳ್ಳಿಗಳಲ್ಲಿ ನಾವು ಪದೇಪದೇ ಕೇಳುವ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೂ ಹೌದು. ವಿದ್ಯುತ್ ಮಗ್ಗದ ಮುಂದೆ ಹತ್ತು ಗಂಟೆ ನಿಲ್ಲುವ ನೇಕಾರರು, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಬಾಗಿ ಕೂರುವ ಹೆಣ್ಣುಮಕ್ಕಳು, ಗೋದಾಮಿನಲ್ಲಿ ಮೂಟೆ ಹೊರುವ ಕಾರ್ಮಿಕರು ದಣಿಯುವುದಿಲ್ಲವೇ? ದಣಿಯುತ್ತಾರೆ. ಆದರೆ ದಣಿವೆಲ್ಲವೂ ಹೃದಯಕ್ಕೆ ಹಿತವಾದ ಶ್ರಮವಲ್ಲ.

ಒಂದೆಡೆ ನಿಂತೇ ಇರುವುದು ಅಥವಾ ಕುಳಿತೇ ಇರುವುದು ಸೊಂಟವನ್ನೂ ಕಾಲನ್ನೂ ನೋಯಿಸುತ್ತದೆ. ಹೃದಯದ ಬಡಿತವನ್ನು ಹದವಾಗಿ ಏರಿಸಿ ಇಳಿಸುವುದಿಲ್ಲ. ಉಸಿರು ಬಿಗಿಹಿಡಿದು ಮೂಟೆ ಎತ್ತಿದಾಗ ರಕ್ತದೊತ್ತಡ ಒಮ್ಮೆಲೇ ಮೇಲೇರುತ್ತದೆ. ಜೊತೆಗೆ ಕೆಲಸದ ಒತ್ತಡ, ಗದ್ದಲ, ಧೂಳು, ನಿದ್ರೆಗೇಡು ಸೇರಿರುತ್ತವೆ, ವಿಶ್ರಾಂತಿಗೆ ಬಿಡುವಿರುವುದಿಲ್ಲ. ಹೃದಯ ಬಯಸುವುದು ತಾಳಬದ್ಧವಾದ, ಉಸಿರಾಟ ಸರಾಗವಾಗಿರುವ, ಕ್ರಮೇಣ ಏರಿ ಕ್ರಮೇಣ ಇಳಿಯುವ ಶ್ರಮವನ್ನು. ನಡಿಗೆ, ಸೈಕಲ್ ತುಳಿತ, ಈಜು, ಹೊಲದಲ್ಲಿ ಸಮಗತಿಯ ಕೆಲಸ ಇವೆಲ್ಲವೂ ಈ ಗುಂಪಿಗೆ ಸೇರುತ್ತವೆ. ಶರಣರು ಕಾಯಕಕ್ಕೆ ಕೊಟ್ಟ ಗೌರವವನ್ನು ನಾವು ಬಲ್ಲೆವು. ಕಾಯಕ ನಡೆಯಬೇಕಾದರೆ ಕಾಯ ಉಳಿಯಬೇಕು. ದಿನಕ್ಕೆ ಅರ್ಧ ಗಂಟೆ ಕಾಯಕ್ಕಾಗಿ ಮೀಸಲಿಟ್ಟರೆ ಅದು ಕಾಯಕದಿಂದ ಕದ್ದ ಸಮಯವಲ್ಲ.

ಎಷ್ಟು ಸಾಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಮಾರ್ಗಸೂಚಿಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನೋ ಅಥವಾ 75ರಿಂದ 150 ನಿಮಿಷಗಳ ತೀವ್ರ ಶ್ರಮವನ್ನೋ ಮಾಡಬೇಕು. ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ಚಟುವಟಿಕೆ ಇರಬೇಕು. ಸರಳವಾಗಿ ಹೇಳುವುದಾದರೆ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆಯ ಬಿರುಸು ನಡಿಗೆ. ಅರ್ಧ ಗಂಟೆ ಒಟ್ಟಿಗೆ ಸಿಗದಿದ್ದರೆ ಹತ್ತು ಹತ್ತು ನಿಮಿಷಗಳ ಮೂರು ನಡಿಗೆಗಳೂ ಆಗಬಹುದು.

ಮಧ್ಯಮ ಶ್ರಮವೆಂದರೆ ಯಾವುದು? ಅದಕ್ಕೆ ಯಂತ್ರ ಬೇಡ, ಬಾಯಿಯೇ ಸಾಕು. ನಡೆಯುತ್ತಾ ಜೊತೆಯವರೊಡನೆ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಮಾತೂ ಆಡಲಾಗದಷ್ಟು ಏದುಸಿರು ಬಂದರೆ ವೇಗ ಹೆಚ್ಚಾಯಿತು. ನಿರಾಯಾಸವಾಗಿ ಹಾಡಬಹುದಾದರೆ ವೇಗ ಸಾಲದು. '220ರಿಂದ ವಯಸ್ಸನ್ನು ಕಳೆ' ಎಂಬ ನಾಡಿಯ ಲೆಕ್ಕಾಚಾರ ಜನಪ್ರಿಯವಾಗಿದೆ. ಆದರೆ ಹೃದ್ರೋಗಿಗಳು ಸೇವಿಸುವ ಮೆಟೊಪ್ರೊಲಾಲ್‌ನಂಥ ಮಾತ್ರೆಗಳು ಬಡಿತವನ್ನು ತಾವಾಗಿಯೇ ತಗ್ಗಿಸುವುದರಿಂದ ಅವರಿಗೆ ಆ ಲೆಕ್ಕ ಹೊಂದುವುದಿಲ್ಲ. ಅವರಿಗೆ ಮಾತಿನ ಪರೀಕ್ಷೆಯೇ ಮೇಲು.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲೇಬೇಕೆಂಬ ನಂಬಿಕೆಯೂ ಇದೆ. ಆ ಅಂಕಿ ಹುಟ್ಟಿದ್ದು ಜಪಾನಿನಲ್ಲಿ 1960ರ ದಶಕದಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ. ಯಾವ ವೈದ್ಯಕೀಯ ಪ್ರಯೋಗದಿಂದಲೂ ಅಲ್ಲ. ಅದಕ್ಕಿಂತ ಕಡಿಮೆ ಹೆಜ್ಜೆಗಳಿಂದಲೂ ಲಾಭವಿದೆ. ಏನೂ ಮಾಡದವರು ಸ್ವಲ್ಪ ಮಾಡಲು ತೊಡಗಿದಾಗ ಸಿಗುವ ಲಾಭವೇ ಎಲ್ಲಕ್ಕಿಂತ ದೊಡ್ಡದು.

ಮಂಚದಿಂದ ಮಾರ್ಗಕ್ಕೆ

ಹೃದಯಾಘಾತವಾದವರನ್ನು ಮಂಚಕ್ಕೆ ಕಟ್ಟಿಹಾಕುವ ನಮ್ಮ ಮನೆಗಳ ರೂಢಿ ಪ್ರೀತಿಯಿಂದ ಬಂದದ್ದು. ಒಂದು ಕಾಲದಲ್ಲಿ ವೈದ್ಯರೂ ಹಾಗೆಯೇ ಹೇಳುತ್ತಿದ್ದರು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹೃದಯಾಘಾತಕ್ಕೆ ವಾರಗಟ್ಟಲೆ ಹಾಸಿಗೆಯ ವಿಶ್ರಾಂತಿಯೇ ಚಿಕಿತ್ಸೆಯಾಗಿತ್ತು. 1952ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್ ಎಂಬ ವೈದ್ಯರು ರೋಗಿಗಳನ್ನು ಬೇಗನೆ ಕುರ್ಚಿಯಲ್ಲಿ ಕೂರಿಸಿ ಆರೈಕೆ ಮಾಡಬಹುದೆಂದು ತೋರಿಸಿದರು. ಅಂದು ಅದು ದುಸ್ಸಾಹಸವೆನಿಸಿತ್ತು. ಇಂದು ತೊಡಕಿಲ್ಲದ ರೋಗಿಯನ್ನು ಒಂದೆರಡು ದಿನಗಳಲ್ಲಿಯೇ ಆಸ್ಪತ್ರೆಯ ಪಡಸಾಲೆಯಲ್ಲಿ ನಡೆಸಲಾಗುತ್ತದೆ. ಹಾಸಿಗೆ ಹಿಡಿದರೆ ಸ್ನಾಯುಗಳು ಕೃಶವಾಗುತ್ತವೆ, ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು, ಎಲ್ಲಕ್ಕಿಂತ ಹೆಚ್ಚಾಗಿ ರೋಗಿಯ ಧೈರ್ಯ ಉಡುಗುತ್ತದೆ.

ಹೀಗೆ ರೂಪುಗೊಂಡದ್ದೇ ಹೃದಯ ಪುನಶ್ಚೇತನ ಚಿಕಿತ್ಸೆ. ಇದರಲ್ಲಿ ನಿಯಂತ್ರಿತ ವ್ಯಾಯಾಮ, ಆಹಾರ ಸಲಹೆ, ತಂಬಾಕು ತ್ಯಾಗ, ಔಷಧಗಳ ಕ್ರಮ, ಮನೋಧೈರ್ಯ ಎಲ್ಲವೂ ಸೇರಿವೆ. ಮೊದಲು ರೋಗಿಯ ಸಾಮರ್ಥ್ಯವನ್ನು ಅಳೆಯುತ್ತಾರೆ. ಟ್ರೆಡ್‌ಮಿಲ್ ಪರೀಕ್ಷೆ ಒಂದು ವಿಧಾನ. ಸಮತಟ್ಟಾದ ಪಡಸಾಲೆಯಲ್ಲಿ ಆರು ನಿಮಿಷಗಳಲ್ಲಿ ಎಷ್ಟು ದೂರ ನಡೆಯಬಲ್ಲರೆಂದು ನೋಡುವುದು ಇನ್ನೊಂದು. ಇದಕ್ಕೆ ಗಡಿಯಾರ ಮತ್ತು ಅಳತೆಯ ಪಟ್ಟಿಯ ಹೊರತು ಬೇರೇನೂ ಬೇಡ. ಇಂಥ ಚಿಕಿತ್ಸೆಯು ಹೃದ್ರೋಗದಿಂದಾಗುವ ಸಾವನ್ನೂ ಮತ್ತೆ ಆಸ್ಪತ್ರೆ ಸೇರುವ ಪ್ರಸಂಗವನ್ನೂ ಕಡಿಮೆ ಮಾಡುತ್ತದೆಂಬುದು ಹಲವು ಪ್ರಯೋಗಗಳ ಒಟ್ಟು ಫಲಿತಾಂಶ.

ನಮ್ಮ ದೇಶದಲ್ಲಿ ಇಂಥ ಕೇಂದ್ರಗಳು ವಿರಳ. ಈ ಕೊರತೆಯನ್ನು ಯೋಗದಿಂದ ತುಂಬಬಹುದೇ ಎಂದು 24 ಭಾರತೀಯ ಆಸ್ಪತ್ರೆಗಳಲ್ಲಿ ಹೃದಯಾಘಾತಕ್ಕೊಳಗಾದ 3,959 ಜನರ ಮೇಲೆ 'ಯೋಗ-ಕೇರ್' ಎಂಬ ಪ್ರಯೋಗ ನಡೆಯಿತು. ಅದರ ವರದಿ 2020ರಲ್ಲಿ ಪ್ರಕಟವಾಯಿತು. ಸಾವು ಅಥವಾ ಮರು ಆಘಾತದಲ್ಲಿ ಖಚಿತವೆನ್ನುವಷ್ಟು ಇಳಿಕೆ ಕಂಡುಬರಲಿಲ್ಲ. ಆದರೆ ಯೋಗ ಕಲಿತವರ ಆರೋಗ್ಯದ ಅನುಭವ ಉತ್ತಮವಾಗಿತ್ತು. ಅವರು ತಮ್ಮ ಹಿಂದಿನ ಕೆಲಸಕಾರ್ಯಗಳಿಗೆ ಹೆಚ್ಚು ಚೆನ್ನಾಗಿ ಮರಳಿದರು. ಯೋಗವನ್ನು ಸರ್ವರೋಗ ನಿವಾರಕವೆಂದು ಹೊಗಳುವವರೂ, ನಿರುಪಯುಕ್ತವೆಂದು ತಳ್ಳುವವರೂ ಈ ಫಲಿತಾಂಶವನ್ನು ಪೂರ್ತಿಯಾಗಿ ಗಮನಿಸಬೇಕು. ಯೋಗ ಮಾಡುತ್ತೇವೆಂದು ಮಾತ್ರೆ ಬಿಡುವುದು ಮಾತ್ರ ಎಂದೂ ಸಲ್ಲದು.

ಮನೆಗೆ ಬಂದ ಮೇಲೆ

ವೈದ್ಯರು ಒಪ್ಪಿದ ನಂತರ ಸಾಮಾನ್ಯವಾಗಿ ಮೊದಲ ವಾರ ದಿನಕ್ಕೆರಡು ಬಾರಿ ಐದರಿಂದ ಹತ್ತು ನಿಮಿಷ ಸಮತಟ್ಟು ನೆಲದಲ್ಲಿ ನಡೆಯಬಹುದು. ವಾರವಾರಕ್ಕೆ ಕೆಲವು ನಿಮಿಷ ಹೆಚ್ಚಿಸುತ್ತಾ ಆರರಿಂದ ಎಂಟು ವಾರಗಳಲ್ಲಿ ಅರ್ಧ ಗಂಟೆಗೆ ಮುಟ್ಟುವುದು ಒಳ್ಳೆಯ ಗುರಿ. ಏರು, ಮೆಟ್ಟಿಲು, ಬೆಟ್ಟ ಇವೆಲ್ಲ ಅನಂತರದ ಮಾತು. ಎದೆಗೂಡು ತೆರೆದು ಬೈಪಾಸ್ ಶಸ್ತ್ರಚಿಕಿತ್ಸೆಯಾದವರಲ್ಲಿ ಎದೆಯ ಮೂಳೆ ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ತುಂಬಿದ ಬಿಂದಿಗೆ, ಹಾಲಿನ ಕ್ಯಾನು, ಮೊಮ್ಮಗು ಯಾವುದನ್ನೂ ಎತ್ತಬಾರದು; ನಡೆಯಲು ಮಾತ್ರ ಅಡ್ಡಿಯಿಲ್ಲ. ಹೃದಯದ ಶಕ್ತಿ ತೀರ ಕುಂದಿದವರು, ಬಡಿತದಲ್ಲಿ ಏರುಪೇರಿರುವವರು, ಕವಾಟದ ತೊಂದರೆಯಿರುವವರು ತಮ್ಮ ವೈದ್ಯರು ಹಾಕಿಕೊಟ್ಟ ಮಿತಿಯನ್ನು ಮೀರಬಾರದು.

ಊಟವಾದ ಕೂಡಲೇ ಬಿರುಸಾಗಿ ನಡೆಯಬಾರದು. ಬೇಸಿಗೆಯಲ್ಲಿ ಬಿಸಿಲೇರುವ ಮುನ್ನವೇ ಮುಗಿಸಬೇಕು. ಮೊದಲ ಐದು ನಿಮಿಷ ಮತ್ತು ಕೊನೆಯ ಐದು ನಿಮಿಷ ನಿಧಾನವಾಗಿರಬೇಕು. ಮಧುಮೇಹಿಗಳು ಬರಿಗಾಲಿನಲ್ಲಿ ನಡೆಯದೆ, ಜೇಬಿನಲ್ಲೊಂದು ಬೆಲ್ಲದ ತುಂಡನ್ನಾದರೂ ಇಟ್ಟುಕೊಂಡಿರಬೇಕು. ಹೆದ್ದಾರಿಯ ಅಂಚು ನಡಿಗೆಗೆ ತಕ್ಕ ಸ್ಥಳವಲ್ಲ. ಊರ ಕೆರೆಯ ಏರಿ, ಶಾಲೆಯ ಮೈದಾನ, ದೇವಾಲಯದ ಅಂಗಳ ನಮಗೆ ಸಾಕು. ಹೆಂಗಸರು ಒಂಟಿಯಾಗಿ ಹೊರಡಲು ಹಿಂಜರಿಯುವ ಕಡೆ ನಾಲ್ಕಾರು ಮಂದಿ ಕೂಡಿ ಹೊರಟರೆ ಮುಜುಗರ ತಾನಾಗಿ ಕಳೆಯುತ್ತದೆ. ಮನೆಗೆಲಸವೇ ಸಾಕೆಂದು ಸೊಸೆಯನ್ನೋ ತಾಯಿಯನ್ನೋ ತಡೆಯುವ ಮನೆಯವರು ಮೇಲೆ ಹೇಳಿದ ಶೇಕಡ 57ರ ಅಂಕಿಯನ್ನು ಮತ್ತೊಮ್ಮೆ ಓದಲಿ.

ಭಯವೂ ಬೇಡ, ಅಲಕ್ಷ್ಯವೂ ಬೇಡ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು ಕೇವಲ 46ನೆಯ ವಯಸ್ಸಿನಲ್ಲಿ ಅಗಲಿದಾಗ ನಾಡೇ ತಲ್ಲಣಿಸಿತು. ವ್ಯಾಯಾಮವೇ ಅಪಾಯವೆಂಬ ಮಾತು ಮನೆಮನೆಗೆ ಹಬ್ಬಿತು. 2025ರ ಜೂನ್-ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಬಂದಾಗ ಬೆಂಗಳೂರು ಮತ್ತು ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆಗಳ ಮುಂದೆ ತಪಾಸಣೆಗಾಗಿ ಜನ ನೆರೆದರು. ಸರ್ಕಾರ ಜಯದೇವದ ಅಂದಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಅಧ್ಯಯನ ಸಮಿತಿಯನ್ನೂ ನೇಮಿಸಿತು. ಭಯದಿಂದ ಒಂದು ದಿನ ಸಾಲಿನಲ್ಲಿ ನಿಂತು, ಮರುದಿನ ಬೀಡಿ ಹಚ್ಚುವುದರಿಂದ ಪ್ರಯೋಜನವಿಲ್ಲ. ಮೂವತ್ತು ದಾಟಿದ ಪ್ರತಿಯೊಬ್ಬರೂ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಕಾಲಕಾಲಕ್ಕೆ ನೋಡಿಸಿಕೊಳ್ಳುವುದು ಶಾಶ್ವತ ಉಪಾಯ.

ಸಾಧಾರಣ ನಡಿಗೆಯನ್ನು ಬಹುತೇಕ ಎಲ್ಲರೂ ಇಂದೇ ತೊಡಗಬಹುದು. ಆದರೆ ವರ್ಷಗಟ್ಟಲೆ ಕುಳಿತಿದ್ದು ಒಮ್ಮೆಲೇ ಜಿಮ್ಮಿನಲ್ಲಿ ಭಾರ ಎತ್ತುವುದು, ಓಟದ ಸ್ಪರ್ಧೆಗೆ ಇಳಿಯುವುದು ಸಲ್ಲದು. ನಲವತ್ತು ದಾಟಿದವರು, ಸಕ್ಕರೆ, ರಕ್ತದೊತ್ತಡ, ಧೂಮಪಾನ ಅಥವಾ ಮನೆತನದಲ್ಲಿ ಹೃದ್ರೋಗದ ಇತಿಹಾಸ ಉಳ್ಳವರು ತೀವ್ರ ವ್ಯಾಯಾಮಕ್ಕೆ ಮುನ್ನ ವೈದ್ಯರನ್ನು ಕಾಣಲೇಬೇಕು. ಜ್ವರವಿದ್ದಾಗ ವ್ಯಾಯಾಮ ಬೇಡ.

ನಡೆಯುವಾಗ ಎದೆಯಲ್ಲಿ ಬಿಗಿತ, ದವಡೆ ಅಥವಾ ಎಡಗೈಗೆ ಹರಿಯುವ ನೋವು, ತಣ್ಣನೆಯ ಬೆವರು, ತಲೆಸುತ್ತು ಕಂಡರೆ ಅಲ್ಲಿಯೇ ನಿಂತು ಕುಳಿತುಕೊಳ್ಳಬೇಕು. ವೈದ್ಯರು ನಾಲಗೆಯಡಿ ಇಡುವ ಮಾತ್ರೆ ಕೊಟ್ಟಿದ್ದರೆ ಬಳಸಬೇಕು. ಐದು ನಿಮಿಷಗಳಲ್ಲಿ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಬೇಕು. ಮಧುಮೇಹಿಗಳಲ್ಲಿ ಮತ್ತು ಹೆಂಗಸರಲ್ಲಿ ಎದೆನೋವಿಲ್ಲದೆ ಬರಿಯ ಉಬ್ಬಸ, ಸುಸ್ತು, ವಾಕರಿಕೆಯಾಗಿಯೂ ಆಘಾತ ಕಾಣಿಸಬಹುದು. 'ಗ್ಯಾಸ್' ಎಂದು ಸೋಡಾ ಕುಡಿದು ರಾತ್ರಿ ಕಳೆದವರ ಮನೆಗಳ ದುಃಖವನ್ನು ನಾವು ಕಂಡಿದ್ದೇವೆ. ಕರ್ನಾಟಕ ಸರ್ಕಾರದ 'ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆಯಡಿ ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲಿಯೇ ಇಸಿಜಿ ತೆಗೆದು, ತಜ್ಞರ ಸಲಹೆಯಂತೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಾಗಿದೆ. ನಗರದ ವಾಹನ ದಟ್ಟಣೆಯಲ್ಲಿ ಅಮೂಲ್ಯವಾದ ಮೊದಲ ಗಂಟೆಯನ್ನು ಕಳೆಯುವ ಮುನ್ನ ಇದನ್ನು ನೆನಪಿಡಬೇಕು.

ಕೇಳಬೇಕಾದ ಐದು ಪ್ರಶ್ನೆಗಳು

ಆಸ್ಪತ್ರೆಯಿಂದ ಹೊರಡುವ ಮುನ್ನ ರೋಗಿಯೋ ಮನೆಯವರೋ ಈ ಐದನ್ನು ಕೇಳಿ ಬರೆಸಿಕೊಳ್ಳಲಿ. ನಡಿಗೆಯನ್ನು ಯಾವ ದಿನದಿಂದ ತೊಡಗಬೇಕು? ಮೊದಲ ತಿಂಗಳು ಎಷ್ಟು ನಿಮಿಷ? ಎಷ್ಟು ಭಾರ ಎತ್ತಬಹುದು? ಕೆಲಸಕ್ಕೆ ಮರಳುವುದು ಯಾವಾಗ? ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು? ಮಾತ್ರೆಗೆ ಪ್ರಮಾಣವಿರುವಂತೆ ನಡಿಗೆಗೂ ಪ್ರಮಾಣವಿರಬೇಕು. ವೈದ್ಯ ಬಂಧುಗಳಲ್ಲಿಯೂ ನಮ್ಮ ವಿನಂತಿ ಇಷ್ಟೇ: ಚೀಟಿಯ ಆ ಕೊನೆಯ ಸಾಲನ್ನು ಇನ್ನೆರಡು ಸಾಲು ಉದ್ದ ಮಾಡಿರಿ.

ಆ ನೇಕಾರ ಬಂಧುವಿಗೆ ನಾವು ಅಂದು ಹತ್ತಿರೆಂದೂ ಹೇಳಲಿಲ್ಲ, ಹತ್ತಬೇಡಿರೆಂದೂ ಹೇಳಲಿಲ್ಲ, ವೈದ್ಯರನ್ನು ಕೇಳಿರೆಂದೆವು. ಅವರು ಹೋಗಿ ಕೇಳಿದರು. ಎಕೋ ಮತ್ತು ಟ್ರೆಡ್‌ಮಿಲ್ ಪರೀಕ್ಷೆಗಳಾದವು. ಮೊದಲು ಮನೆಯಿಂದ ಮಗ್ಗದವರೆಗೆ, ಅನಂತರ ಕೆರೆಯ ಏರಿಯ ತುದಿಯವರೆಗೆ, ಮಡದಿಯ ಜೊತೆಯಲ್ಲಿಯೇ ನಡೆದರು. ಮೂರು ತಿಂಗಳಲ್ಲಿ ಆ ತಾಯಿಯ ಸಕ್ಕರೆಯೂ ಹತೋಟಿಗೆ ಬಂದಿತ್ತು. ವೈದ್ಯರ ಒಪ್ಪಿಗೆ ಪಡೆದು ಶ್ರಾವಣದ ಒಂದು ಮುಂಜಾನೆ ಇಬ್ಬರೂ ಶಿವಗಂಗೆಗೆ ಹೋದರು. ನಿಂತು ನಿಂತು ಒಳಕಲ್ಲು ತೀರ್ಥದವರೆಗೆ ಏರಿದರು. ಮೇಲೆ ಇನ್ನೂ ಕಡಿದಾದ ದಾರಿಯಿತ್ತು. "ಇವತ್ತಿಗೆ ಇಷ್ಟು ಸಾಕು" ಎಂದು ತಾವಾಗಿಯೇ ಹಿಂದಿರುಗಿದರು. ಎಲ್ಲಿಯವರೆಗೆ ಏರಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಅವರ ದೇಹವೇ ಅವರಿಗೆ ಕಲಿಸಿತ್ತು. ನಾಳೆ ಬೆಳಗ್ಗೆ ನಮ್ಮ ಓದುಗ ಬಂಧುಗಳೂ ಮನೆಯ ಹೊಸ್ತಿಲು ದಾಟಿ ಹತ್ತು ನಿಮಿಷ ನಡೆಯಲಿ ಎಂಬುದು ನಮ್ಮ ಹಾರೈಕೆ.